ಮನೆ ಸಾಮಾನು ಸಾಗಿಸಲು ಎಷ್ಟು ಖರ್ಚು? ಶಿವಮೊಗ್ಗ ಮತ್ತು ಮಲೆನಾಡಿನವರಿಗೊಂದು ಲೆಕ್ಕ

ಮನೆ ಬದಲಿಸುವವರು ಮೊದಲು ಕೇಳುವುದು ‘ಗಾಡಿ ಬಾಡಿಗೆ ಎಷ್ಟು?’ ಎಂದು. ಶಿವಮೊಗ್ಗದೊಳಗೇ ಗೋಪಾಳದಿಂದ ವಿನೋಬನಗರಕ್ಕೆ ಹೋಗುವುದಾದರೆ ಗಾಡಿ ಓಡುವುದು ಕೆಲವೇ ಕಿಲೋಮೀಟರ್. ಡೀಸೆಲ್ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಬಿಲ್ ಸಾವಿರಗಳಲ್ಲಿ ಬರುತ್ತದೆ. ಊರೊಳಗಿನ ಶಿಫ್ಟಿಂಗ್‌ನಲ್ಲಿ ದುಡ್ಡು ಹೋಗುವುದು ಬಾಗಿಲಿನಿಂದ ಗಾಡಿಯವರೆಗಿನ ದಾರಿಗೆ: ಮೆಟ್ಟಿಲು, ಓಣಿ, ಇಳಿಜಾರು, ಅಲ್ಲಿ ಹೊರುವ ಹಮಾಲರ ಗಂಟೆಗಳು. ದರ ಕೇಳುವ ಮುಂಚೆ ಈ ದಾರಿಯನ್ನು ಅಳೆದವರಿಗೆ ಬಜೆಟ್ ತಪ್ಪುವುದು ಅಪರೂಪ.

ಮೊದಲು ಪಟ್ಟಿ, ಆಮೇಲೆ ಫೋನ್

ಒಂದು ಸಂಜೆ ಕೂತು ಕೋಣೆ ಕೋಣೆಯ ಸಾಮಾನು ಬರೆದುಕೊಳ್ಳಿ. ದೊಡ್ಡವನ್ನು ಒಂದೊಂದಾಗಿ ಬರೆಯಿರಿ: ಸ್ಟೀಲ್ ಬೀರು, ಮಂಚ, ಹಾಸಿಗೆ, ಫ್ರಿಜ್, ವಾಷಿಂಗ್ ಮೆಷಿನ್, ಸೋಫಾ, ಇನ್ವರ್ಟರ್, ಗ್ರೈಂಡರ್. ಉಳಿದದ್ದನ್ನು ಬಾಕ್ಸ್ ಲೆಕ್ಕದಲ್ಲಿ ಹಿಡಿಯಿರಿ. ಎರಡು ಬೆಡ್‌ರೂಮಿನ ಮನೆಯಿಂದ ಸುಮಾರು 40 ಬಾಕ್ಸ್ ಹೊರಡುತ್ತದೆ ಎಂದುಕೊಳ್ಳಬಹುದು. ಮಲೆನಾಡಿನ ಮನೆಗಳಲ್ಲಿ ಜನ ಮರೆಯುವುದು ಅಟ್ಟ, ಬಚ್ಚಲು ಮತ್ತು ಅಂಗಳವನ್ನು. ತಾಮ್ರದ ಹಂಡೆ, ಒರಳುಕಲ್ಲು, ಹೂವಿನ ಕುಂಡ, ನೀರಿನ ಟ್ಯಾಂಕ್, ಸೌದೆ, ಅಡಿಕೆ ಚೀಲ ಇವೆಲ್ಲ ಕೊನೇ ಗಳಿಗೆಯಲ್ಲಿ ಎದ್ದು ಬಂದು ಗಾಡಿಗೆ ಇನ್ನೊಂದು ಟ್ರಿಪ್ ಹೊಡೆಸುತ್ತವೆ. ಒಯ್ಯುವುದೋ ಬಿಡುವುದೋ ಪಟ್ಟಿ ಮಾಡುವಾಗಲೇ ತೀರ್ಮಾನಿಸಿ. ಹಳೇ ಪೇಪರ್, ಮುರಿದ ಕುರ್ಚಿಗಳನ್ನು ಗುಜರಿಗೆ ಹಾಕಿದರೆ ಹೊರುವ ಕೂಲಿಯೂ ಉಳಿಯುತ್ತದೆ.

ಪಟ್ಟಿಯ ಜೊತೆ ಎರಡೂ ಮನೆಗಳ ಬಗ್ಗೆ ಈ ಮಾಹಿತಿ ಬೇಕು: ಎಷ್ಟನೇ ಮಹಡಿ, ಮೆಟ್ಟಿಲಿನ ಅಗಲ, ತಿರುವಿನಲ್ಲಿ ಬೀರು ಹೊರಳುತ್ತದೋ ಇಲ್ಲವೋ, ಗಾಡಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೀಟರ್. ಮೀಟರನ್ನು ಅಂದಾಜಿನಲ್ಲಿ ಹೇಳಬೇಡಿ, ಹೆಜ್ಜೆ ಹಾಕಿ ಎಣಿಸಿ. ದುರ್ಗಿಗುಡಿ, ಗಾಂಧಿಬಜಾರ್ ಸುತ್ತಿನ ಓಣಿಗಳಲ್ಲಿ ಗಾಡಿ ಮನೆ ಮುಂದೆ ನಿಲ್ಲಿಸಲು ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಮಾತ್ರ ಜಾಗ ಸಿಗುವುದೂ ಉಂಟು.

ಆ ಕೊನೆಯ ನೂರೈವತ್ತು ಮೀಟರ್

ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಕಡೆ ಮನೆ ಟಾರು ರಸ್ತೆಯಿಂದ ಒಳಗಿರುತ್ತದೆ. ನಡುವೆ ದಣಪೆ (ಬೇಲಿಯ ಗೇಟು), ಸಂಕ (ಹಳ್ಳ ದಾಟುವ ಕಾಲುಸೇತುವೆ), ತೋಟದ ದಾರಿ, ದರೆಯ ಏರಿಳಿತ. ಒಣಗಾಲದಲ್ಲಿ ಅಂಗಳದವರೆಗೂ ಬರುವ ಪಿಕಪ್ ಜುಲೈನಲ್ಲಿ ರಸ್ತೆಯಲ್ಲೇ ನಿಲ್ಲುತ್ತದೆ.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. 150 ಮೀಟರ್ ಹೊತ್ತು ಹೋಗಿ ವಾಪಸ್ ಬರುವುದೆಂದರೆ 300 ಮೀಟರ್ ನಡಿಗೆ, ಸುಮಾರು 5 ನಿಮಿಷ. 40 ಬಾಕ್ಸಿಗೆ 200 ನಿಮಿಷ. ದೊಡ್ಡ ಸಾಮಾನು 15 ಇದ್ದರೆ, ಇಬ್ಬಿಬ್ಬರು ತಲಾ 8 ನಿಮಿಷ ಎಂದರೂ 240 ನಿಮಿಷ. ಒಟ್ಟು 440 ನಿಮಿಷ, ಅಂದರೆ ಒಬ್ಬನ ಕೆಲಸ 7 ಗಂಟೆ 20 ನಿಮಿಷ. ಮೂವರು ಹಮಾಲರಿದ್ದರೆ ಸುಮಾರು ಎರಡೂವರೆ ಗಂಟೆ ಹೆಚ್ಚು. ಅಷ್ಟು ಹೊತ್ತು ಗಾಡಿಯೂ ನಿಂತಿರುತ್ತದೆ, ವೇಟಿಂಗ್ ಬೇರೆ. ಕೆಸರು, ಏರು, ಮಳೆ ಸೇರಿದರೆ ಇನ್ನೂ ಹೆಚ್ಚು. ‘ಸ್ವಲ್ಪ ಒಳಗಿದೆ’ ಎಂದಷ್ಟೇ ಹೇಳಿ ಕರೆಸಿದಾಗ ಇಳಿಸುವ ಹೊತ್ತಿಗೆ ಜಗಳವಾಗುವುದು ಇದೇ ಕಾರಣಕ್ಕೆ. ಅಲ್ಲಿ ಹಮಾಲರು ಹೆಚ್ಚು ಕೇಳಿದರೆ ಅದು ಅನ್ಯಾಯವಲ್ಲ, ನಾವು ಹೇಳದೇ ಇದ್ದ ಕೆಲಸದ ಕೂಲಿ.

ಪರಿಹಾರ ಎರಡು. ರಸ್ತೆಯವರೆಗೆ ದೊಡ್ಡ ಗಾಡಿ, ಅಲ್ಲಿಂದ ಒಳಗೆ ಊರಿನದೇ ಟ್ರ್ಯಾಕ್ಟರ್ ಟ್ರೇಲರ್ ಅಥವಾ ಟಿಲ್ಲರ್ ಗೊತ್ತುಮಾಡುವುದು ಒಂದು. ಎರಡು ಸಲ ಹೇರಿ ಇಳಿಸಬೇಕಾಗುತ್ತದೆ, ಆದರೂ ದೂರ 100 ಮೀಟರ್ ಮೀರಿದರೆ ಸಾಮಾನ್ಯವಾಗಿ ಇದೇ ಅಗ್ಗ. ದೂರ ಕಡಿಮೆಯಾದರೆ ಆ ಊರಲ್ಲೇ ಇಬ್ಬರು ಆಳು ಹೆಚ್ಚು ಹೇಳಿಡುವುದು ಇನ್ನೊಂದು. ಸಂಕ ದಾಟುವ ದಾರಿಯಾದರೆ ಬೀರು, ಫ್ರಿಜ್ ಹೊತ್ತವರಿಗೆ ಅದರ ಅಗಲ ಸಾಲುತ್ತದೋ ಮೊದಲೇ ನೋಡಿ. ಅಡಿಕೆ ದಬ್ಬೆ ಹಾಸಿದ ಸಂಕದ ಮೇಲೆ ಇಬ್ಬರ ತೂಕದ ಜೊತೆ ಬೀರು ಹೊರಿಸಬೇಡಿ.

ಗಾಡಿ ಯಾವುದು

ಟಾಟಾ ಏಸ್ ಸುಮಾರು 750 ಕಿಲೋ ಹೊರುತ್ತದೆ. ಹಿಂದಿನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ. ಒಂದು ಕೋಣೆಯ ಮನೆ, ಇಲ್ಲವೇ ಹಾಸ್ಟೆಲ್ ಸಾಮಾನಿಗೆ ಸಾಕು. ಬೊಲೆರೊ ಪಿಕಪ್ ಮಾದರಿಗೆ ತಕ್ಕಂತೆ 1.3ರಿಂದ 1.7 ಟನ್, ತೊಟ್ಟಿ 8–9 ಅಡಿ. ಏರುದಾರಿಗೆ ಒಗ್ಗಿದ ಗಾಡಿಯಾದ್ದರಿಂದ ಹಳ್ಳಿ ಕಡೆಗೆ ಇದೇ ಒಳ್ಳೆಯದು. ತುಂಬು ಸಂಸಾರದ ಎರಡು ಬೆಡ್‌ರೂಮಿನ ಮನೆಗೆ ಟಾಟಾ 407 ಲಾರಿ ಬೇಕು: ಸುಮಾರು 10 ಅಡಿ ತೊಟ್ಟಿ, ಎರಡೂವರೆ ಟನ್ ಆಸುಪಾಸು. ಮನೆ ಸಾಮಾನಿನಲ್ಲಿ ತೂಕಕ್ಕಿಂತ ಜಾಗ ಮೊದಲು ಮುಗಿಯುತ್ತದೆ ಎಂಬುದು ನೆನಪಿರಲಿ.

ಊರೊಳಗಾದರೆ ಏಸ್ ಎರಡು ಟ್ರಿಪ್ ಹೊಡೆದರೂ ನಡೆಯುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಸಾಗರಕ್ಕೆ 70ರ ಮೇಲೆ. ಅಲ್ಲಿಗೆ ಎರಡು ಟ್ರಿಪ್ ಎಂದರೆ ಬಾಡಿಗೆ ಇಮ್ಮಡಿ. ಇಂಥ ದೂರಕ್ಕೆ ಒಂದೇ ಸಲಕ್ಕೆ ಹಿಡಿಯುವ ದೊಡ್ಡ ಗಾಡಿಯೇ ಸರಿ.

ಹಳದಿ ಬೋರ್ಡ್ ಇರುವ ಗಾಡಿಯನ್ನೇ ಹಿಡಿಯಿರಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆ ಸಿಗುವುದೂ ಕಷ್ಟ. ಸಾಮಾನಿನ ಮೇಲೆ ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ಕೂರಿಸಿ ಕಳಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬೇಡ. ಬಸ್ ಚಾರ್ಜು ಉಳಿಸಲು ಹೋಗಿ ಆಗುವ ಅನಾಹುತಕ್ಕೆ ಬೆಲೆ ಕಟ್ಟಲಾಗದು.

ದರ ಹೇಗೆ ಕೂಡುತ್ತದೆ

ಗಾಡಿಯವರು ಊರೊಳಗೆ ಟ್ರಿಪ್ ಲೆಕ್ಕ, ಹೊರಗೆ ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. ಕಿಲೋಮೀಟರ್ ಲೆಕ್ಕ ಎಂದರೆ ಹೋಗಿ ಬರುವುದು ಎರಡೂ ಸೇರಿ, ಏಕೆಂದರೆ ವಾಪಸ್ ಗಾಡಿ ಖಾಲಿ ಬರುತ್ತದೆ. ನಿಮ್ಮೂರಿನ ಕಡೆಯ ಗಾಡಿಯೊಂದು ಶಿವಮೊಗ್ಗಕ್ಕೆ ಅಡಿಕೆ ಅಥವಾ ಸಾಮಾನು ಇಳಿಸಲು ಬಂದು ಖಾಲಿ ಹೋಗುವುದಿದ್ದರೆ ಅದನ್ನು ಹಿಡಿಯಿರಿ. ಬಾಡಿಗೆಯಲ್ಲಿ ಒಳ್ಳೆಯ ಚೌಕಾಸಿಗೆ ಅವಕಾಶವಿದೆ. ಬಾಡಿಗೆಯಲ್ಲಿ ಹಮಾಲಿ ಸೇರಿದೆಯೇ ಎಂದು ಬಿಡಿಸಿ ಕೇಳಿ. ‘ಎಲ್ಲಾ ಸೇರಿ’ ಎನ್ನುವ ಮಾತಿನಲ್ಲಿ ಏನೇನು ಸೇರಿದೆ ಎಂಬುದು ಹೇಳಿದವರಿಗೊಂದು, ಕೇಳಿದವರಿಗೊಂದು.

ಒಂದು ಮಾದರಿ ಲೆಕ್ಕ ನೋಡಿ. ಇಲ್ಲಿನ ದರಗಳು ಲೆಕ್ಕದ ಬಗೆ ತೋರಿಸಲು ಇಟ್ಟುಕೊಂಡವು, ಅವುಗಳ ಜಾಗದಲ್ಲಿ ನಿಮಗೆ ಹೇಳಿದ ದರ ಹಾಕಿಕೊಳ್ಳಿ. ಗೋಪಾಳದ ಮೊದಲ ಮಹಡಿಯಿಂದ ತೀರ್ಥಹಳ್ಳಿಗೆ ಎರಡು ಬೆಡ್‌ರೂಮಿನ ಸಾಮಾನು:

ಗಾಡಿ, 120 ಕಿ.ಮೀ. × ₹30 = ₹3,600
ಹೇರಲು ನಾಲ್ವರು × ₹800 = ₹3,200
ಇಳಿಸಲು ಮೂವರು × ₹700 = ₹2,100
ಡ್ರೈವರ್ ಬಾಟಾ = ₹400
ಬಾಕ್ಸ್, ಟೇಪ್, ಬಬಲ್ ರ‍್ಯಾಪ್ = ₹1,500
ಮಂಚ, ವಾರ್ಡ್‌ರೋಬ್ ಬಿಚ್ಚಿ ಜೋಡಿಸಲು ಬಡಗಿ = ₹800

ಕೂಡಿದರೆ ₹11,600. ಇದಕ್ಕೆ ಅನಿರೀಕ್ಷಿತ ಖರ್ಚಿಗೆಂದು ಶೇ 15, ಅಂದರೆ ₹1,740 ಸೇರಿಸಿ ₹13,340 ಎತ್ತಿಡಿ. ಮಳೆಗಾಲವಾದರೆ ಶೇ 25 ಇಡುವುದು ಕ್ಷೇಮ. 60 ಕಿಲೋಮೀಟರ್ ದೂರಕ್ಕೂ ಹಮಾಲಿ ₹5,300, ಗಾಡಿ ₹3,600! ಬಾಡಿಗೆಯಲ್ಲಿ ಇನ್ನೂರು ರೂಪಾಯಿಗೆ ಹಟ ಹಿಡಿಯುವ ಬದಲು ಹಮಾಲರ ಗಂಟೆ ಉಳಿಸುವ ಕೆಲಸ ಮಾಡಿದರೆ ಲಾಭ ಹೆಚ್ಚು. ಹಿಂದಿನ ರಾತ್ರಿಯೇ ಎಲ್ಲ ಬಾಕ್ಸ್ ಕಟ್ಟಿ ಬಾಗಿಲ ಬಳಿ ಪೇರಿಸಿಡಿ, ಮಂಚ ಬಿಚ್ಚಿಡಿ, ಪ್ರತಿ ಬಾಕ್ಸಿನ ಮೇಲೆ ಹೊಸ ಮನೆಯ ಯಾವ ಕೋಣೆಗೆ ಎಂದು ಬರೆಯಿರಿ. ಹಮಾಲರು ಬಂದ ಮೇಲೆ ಪಾತ್ರೆ ಸುತ್ತುತ್ತಾ ಕೂತರೆ ಅವರು ಸುಮ್ಮನೆ ಕಾಯುವ ಹೊತ್ತಿಗೂ ನೀವೇ ದುಡ್ಡು ಕೊಡುತ್ತೀರಿ.

ಬಾಕ್ಸ್ ದಿನಸಿ ಅಂಗಡಿ, ಮೆಡಿಕಲ್ ಶಾಪ್‌ಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಪುಸ್ತಕವನ್ನು ಸಣ್ಣ ಬಾಕ್ಸಿಗೆ ಹಾಕಿ, 15 ಕಿಲೋ ಮೀರದಂತೆ; ದೊಡ್ಡ ಬಾಕ್ಸಿನಲ್ಲಿ ತುಂಬಿದರೆ ತಳ ಹರಿಯುವುದು ಖಂಡಿತ. ಬಟ್ಟೆ, ಹೊದಿಕೆಗಳಿಗೆ ಗೋಣಿ ಅಥವಾ ಅಕ್ಕಿ ಚೀಲ ಸಾಕು. ಮಳೆಗಾಲದಲ್ಲಿ ಗಾಡಿಯ ಟಾರ್ಪಾಲ್ ತೂತಿಲ್ಲವೇ ನೋಡಿ, ಹಾಸಿಗೆಗೆ ಬೇರೆಯೇ ಪ್ಲಾಸ್ಟಿಕ್ ಹೊದಿಸಿ. ಒಮ್ಮೆ ನೆನೆದ ಹತ್ತಿ ಹಾಸಿಗೆ ಮಲೆನಾಡಿನ ಆ ತೇವದಲ್ಲಿ ತಿಂಗಳಾದರೂ ಒಣಗುವುದಿಲ್ಲ.

ಪ್ಯಾಕರ್ಸ್ ಅಂಡ್ ಮೂವರ್ಸ್ ಬೇಕೇ?

ಊರೊಳಗಿನ ಸಾಗಣೆಗೆ ಬಹುಪಾಲು ಬೇಡ. ಗಾಜಿನ ಸಾಮಾನು ಬಹಳವಿದ್ದು, ಮನೆಯಲ್ಲಿ ಕೈಜೋಡಿಸುವವರಿಲ್ಲದಿದ್ದರೆ, ಅಥವಾ ಬೆಂಗಳೂರಿನಂಥ ದೂರದ ಊರಿಗಾದರೆ ಪ್ರಯೋಜನವಿದೆ. ಮನೆಗೆ ಬಂದು, ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಸಾಮಾನು ನೋಡದೆ ದರ ಹೇಳುವವರನ್ನು ಅಲ್ಲಿಗೇ ಬಿಡಿ. ಬಹಳ ಕಡಿಮೆ ದರಕ್ಕೆ ಒಪ್ಪಿ, ಸಾಮಾನು ಗಾಡಿಗೆ ಏರಿದ ಮೇಲೆ ‘ಲೋಡ್ ಜಾಸ್ತಿ ಆಯ್ತು’ ಎಂದು ಪಟ್ಟು ಹಿಡಿಯುವುದು ಈ ವ್ಯವಹಾರದ ಹಳೇ ಮೋಸ. ಹೆಸರಾಂತ ಕಂಪನಿಗಳನ್ನು ಹೋಲುವ ಹೆಸರಿಟ್ಟುಕೊಂಡ ದಲ್ಲಾಳಿಗಳೂ ಇದ್ದಾರೆ. ಸಾಮಾನಿನ ಪಟ್ಟಿ, ಎರಡೂ ವಿಳಾಸ, ಮಹಡಿ, ಹೊರುವ ದೂರ, ಒಟ್ಟು ಮೊತ್ತ ಇಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಮುಂಗಡ ಚಿಕ್ಕದಿರಲಿ, ಉಳಿದದ್ದು ಇಳಿಸಿ ಎಣಿಸಿದ ಮೇಲೆ.

ಇಂಥ ಕಂಪನಿಗಳು ಬಿಲ್ಲಿಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಹಾಕುತ್ತವೆ. ₹12,000 ಎಂದದ್ದು ₹14,160 ಆಗುತ್ತದೆ. ಹೇಳಿದ ದರ ತೆರಿಗೆ ಸೇರಿದ್ದೋ ಎಂದು ಮೊದಲೇ ಕೇಳಿ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ‘ಇನ್ಶೂರೆನ್ಸ್’ ಎಂದು ಬೇರೆ ಹಣ ಕೇಳಿದರೆ ವಿಮಾ ಕಂಪನಿಯ ಪಾಲಿಸಿ ಕಾಗದ ಕೇಳಿ. ಕಾಗದವಿಲ್ಲದಿದ್ದರೆ ಅದು ಬರೀ ಮಾತು.

ಯಾವಾಗ ಹೋದರೆ ಅಗ್ಗ

ಮೇ, ಜೂನ್‌ನಲ್ಲಿ ಶಾಲೆ, ವರ್ಗಾವಣೆ ಎಂದು ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಆಷಾಢದಲ್ಲಿ ಗಾಡಿ ಸುಲಭ, ಆದರೆ ಮಳೆ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ, ಗೃಹಪ್ರವೇಶಗಳಿಲ್ಲ, ರಸ್ತೆಯೂ ಒಣಗಿರುತ್ತದೆ. ಶಿವಮೊಗ್ಗದೊಳಗೆ ಸಾಗಿಸುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಳ್ಳಿ ಕಡೆ ಮಾತ್ರ ಅದು ಅಡಿಕೆ ಕೊಯ್ಲಿನ ಹೊತ್ತು, ಆಳೂ ಸಿಗುವುದಿಲ್ಲ, ಪಿಕಪ್ಪೂ ಸಿಗುವುದಿಲ್ಲ. ಎರಡು ವಾರ ಮೊದಲೇ ಹೇಳಿಡಿ.

ಮುಹೂರ್ತ ಬಿಡಲಾಗದವರಿಗೆ ಒಂದು ದಾರಿಯಿದೆ. ಒಳ್ಳೆಯ ದಿನ ದೇವರ ಫೋಟೊ, ಒಂದೆರಡು ಪಾತ್ರೆ ಒಯ್ದು ಹಾಲುಕ್ಕಿಸಿ ಬನ್ನಿ. ಸಾಮಾನು ವಾರದ ನಡುವಿನ ಮಾಮೂಲಿ ದಿನ ಹೋಗಲಿ. ಮುಹೂರ್ತದ ದಿನ ಊರಿಗೂರೇ ಗಾಡಿ ಹುಡುಕುತ್ತಿರುತ್ತದೆ.

ಘಟ್ಟದ ಕೆಳಗೆ ಹೋಗುವುದಾದರೆ ದಾರಿ ವಿಚಾರಿಸದೆ ದರ ಒಪ್ಪಬೇಡಿ. 14 ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುತ್ತದೆ, ಮಳೆಗಾಲದಲ್ಲಿ ಜಿಲ್ಲಾಡಳಿತದ ಆದೇಶ ಬದಲಾಗುತ್ತಿರುತ್ತದೆ. ಹುಲಿಕಲ್ ಘಾಟಿಯ ಕಡೆಯಿಂದ ಸುತ್ತಬೇಕಾಗಿ ಬಂದರೆ ಕಿಲೋಮೀಟರ್ ಏರುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಮಾತ್ರ ಈಗ ಹಗುರ: 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚ್‌ಗೆ ಕಾಯುವ ವೇಟಿಂಗ್ ಹಣ ಕೊಡಬೇಕಾಗಿಲ್ಲ. ಸಾಮಾನಿನ ಜೊತೆ ನಾಟಾ, ತೇಗದ ಹಲಗೆ ಹೇರಬೇಡಿ. ಅರಣ್ಯ ಇಲಾಖೆಯ ಪಾಸ್ ಇಲ್ಲದೆ ತನಿಖೆಯಲ್ಲಿ ಸಿಕ್ಕರೆ ಗಾಡಿಯೇ ನಿಲ್ಲುತ್ತದೆ.

ಹೇರುವ ದಿನ

ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ನೀರು ಇಳಿಸಿ, ನೆಟ್ಟಗೇ ಸಾಗಿಸಿ, ಇಳಿಸಿದ ಮೇಲೆ ಮೂರ್ನಾಲ್ಕು ಗಂಟೆ ಬಿಟ್ಟು ಪ್ಲಗ್ ಹಾಕಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿಗೆ ಕೊಂಡಾಗ ಬಂದ ಟ್ರಾನ್ಸಿಟ್ ಬೋಲ್ಟ್ ಮತ್ತೆ ಹಾಕಬೇಕು, ಇಲ್ಲವಾದರೆ ಘಟ್ಟದ ರಸ್ತೆಯ ಕುಲುಕಾಟಕ್ಕೆ ಡ್ರಮ್ ಸಡಿಲವಾಗುತ್ತದೆ. ಇನ್ವರ್ಟರ್ ಬ್ಯಾಟರಿ ನೆಟ್ಟಗೆ, ಬಟ್ಟೆ ಹಾಸಿಗೆಯಿಂದ ದೂರ; ಆ್ಯಸಿಡ್ ತುಳುಕಿದರೆ ಸುತ್ತಲಿನದೆಲ್ಲ ಹೋಯಿತು. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ತೆಗೆದು, ಕ್ಯಾಪ್ ಹಾಕಿ, ನಿಲ್ಲಿಸಿಯೇ ಇಡಬೇಕು. ಬೇರೆ ಊರಿಗಾದರೆ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಮಾಡಿಸಿಕೊಳ್ಳುವುದೇ ಸರಿ. ಒಡವೆ, ಪತ್ರ, ದುಡ್ಡು ನಿಮ್ಮ ಕೈಯಲ್ಲೇ ಇರಲಿ.

ಹಮಾಲರಿಗೆ ನೀರು, ಚಹಾ, ಹೊತ್ತಾದರೆ ಊಟ ಕೊಡಿ. ಹೊರುವುದು ಬೆನ್ನು ಮುರಿಯುವ ಕೆಲಸ, ಒಪ್ಪಿದ ಕೂಲಿಯನ್ನು ಕೆಲಸ ಮುಗಿದ ತಕ್ಷಣ ಎಣಿಸಿ ಕೊಡಿ.

ಬೀರು, ಟಿವಿ, ಫ್ರಿಜ್‌ಗಳ ಫೋಟೊ ಹೇರುವ ಮೊದಲು ತೆಗೆದಿಟ್ಟುಕೊಳ್ಳಿ. ಇಳಿಸುವಾಗ ಬಾಕ್ಸ್ ಎಣಿಸಿ, ಒಡೆದದ್ದಿದ್ದರೆ ಡ್ರೈವರ್ ಎದುರೇ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಸಿ. ಕಂಪನಿ ಪರಿಹಾರ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.