ನಾಯಿಯ ಕೆರೆತ: ಹತ್ತು ನಿಮಿಷದ ನೊರೆ, ಎಂಟು ವಾರದ ಪಥ್ಯ

ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ ಮೇಲೆ ಎರಡು–ಮೂರು ವಾರ ನಾಯಿ ನೆಮ್ಮದಿಯಾಗಿ ಮಲಗುತ್ತದೆ. ಆಮೇಲೆ ಮತ್ತೆ ಅದೇ ಕಥೆ: ಹಿಂಗಾಲಿನಿಂದ ಕಿವಿ ಕೆರೆಯುವುದು, ರಾತ್ರಿಯಿಡೀ ಪಾದ ನೆಕ್ಕುವುದು, ಸೋಫಾಕ್ಕೆ ಮೈ ಉಜ್ಜುವುದು. ಇನ್ನೊಂದು ಇಂಜೆಕ್ಷನ್. ಹೀಗೆ ವರ್ಷ ಕಳೆಯುವವರೇ ಹೆಚ್ಚು. ಅಲರ್ಜಿಯನ್ನು ಬೇರುಸಹಿತ ಕೀಳಲು ಆಗುವುದಿಲ್ಲ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಏನು ಹೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಹಂತ 1: ಚಿಗಟ, ಉಣ್ಣಿ, ಕಜ್ಜಿ

ಸೊಂಟ ಮತ್ತು ಬಾಲದ ಬುಡ ಕೆರೆಯುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಹೇನಿನ ಬಾಚಣಿಗೆಯಲ್ಲಿ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಸುತ್ತಲೂ ಕೆಂಗಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ನಾಯಿಯ ರಕ್ತ ಕುಡಿದ ಚಿಗಟದ ಹಿಕ್ಕೆ. ಕಿವಿಯಂಚು, ಮೊಣಕೈ ಬೋಳಾಗಿದ್ದರೆ ಕಜ್ಜಿ ಇರಬಹುದು. ಅದು ಮನೆಯವರಿಗೂ ಅಂಟಬಹುದು. ವೈದ್ಯರಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ನೆಕ್ಕಿದ ನಾಯಿಗೆ ಅದು ವಿಷ.

ಚಿಗಟ, ಉಣ್ಣಿ ಕೊಲ್ಲುವ ಫ್ಲುರಾಲನರ್ ಇರುವ ಮಾತ್ರೆ ಒಂದು ಸಲಕ್ಕೆ 12 ವಾರ ಬರುತ್ತದೆ. ತೂಕ ನೋಡಿ ಕೊಡಿಸಿ. ಫಿಟ್ಸ್ ಇರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ. ಬೆನ್ನಿಗೆ ಬಿಡುವ ಹನಿಗಿಂತ ಮಾತ್ರೆಯೇ ಇಲ್ಲಿ ಲೇಸು, ಏಕೆಂದರೆ ಮುಂದೆ ವಾರಕ್ಕೆರಡು ಸ್ನಾನ ಕಾದಿದೆ, ಹನಿ ತೊಳೆದುಹೋಗುತ್ತದೆ. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಮದ್ದಾಗಬೇಕು. ಆದರೆ ನಾಯಿಗೆಂದು ತಂದ ಪರ್ಮೆತ್ರಿನ್ ಔಷಧ ಬೆಕ್ಕಿನ ಪ್ರಾಣ ತೆಗೆದೀತು.

ಹಂತ 2: ಸೋಂಕು, ಅಂದರೆ ಸ್ನಾನ

ಕೆರೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಜಿಡ್ಡು, ಹುಳಿ ವಾಸನೆ, ಕಂಕುಳಲ್ಲಿ ಆನೆಯ ಚರ್ಮದಂತೆ ಕಪ್ಪಗೆ ದಪ್ಪಗಾದ ಪದರ: ಇದು ಯೀಸ್ಟ್. ಇದಕ್ಕೆ ಕ್ಲೋರ್‌ಹೆಕ್ಸಿಡಿನ್ ಶೇ 2 ಮತ್ತು ಮೈಕೊನಜೋಲ್ ಶೇ 2 ಇರುವ, ನಾಯಿಗೆಂದೇ ತಯಾರಾದ ಶಾಂಪೂ ಬೇಕು. ಬಾಟಲಿಯ ಮೇಲೆ ಬೇವು, ಅಲೋವೆರಾ ಚಿತ್ರವಿದ್ದು ಔಷಧದ ಪ್ರಮಾಣವೇ ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಬಿಡಿ. ಕೊಬ್ಬರಿ ಎಣ್ಣೆಯೂ ಬೇಡ, ಈ ಯೀಸ್ಟ್ ಬದುಕುವುದೇ ಜಿಡ್ಡಿನ ಮೇಲೆ.

ಎಲ್ಲರೂ ಎಡವುವುದು ಸಮಯದಲ್ಲಿ. ಹಚ್ಚಿ, ಎರಡು ನಿಮಿಷ ಉಜ್ಜಿ, ತೊಳೆದುಬಿಡುತ್ತಾರೆ. ಆಮೇಲೆ ಶಾಂಪೂ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ನೊರೆ ಚರ್ಮದ ಮೇಲೆ ಹತ್ತು ನಿಮಿಷ ಕೂತರೆ ಮಾತ್ರ ಔಷಧ ಹತ್ತುತ್ತದೆ.

ಮೊದಲು ಬಾಚಿ ಗಂಟು ಬಿಡಿಸಿ. ನೀರು ಉಗುರುಬೆಚ್ಚಗಿಂತ ತಣ್ಣಗಿರಲಿ. ಬಿಸಿನೀರು ಕೆರೆತ ಹೆಚ್ಚಿಸುತ್ತದೆ. ಲ್ಯಾಬ್ರಡಾರ್‌ನಂಥ ದಟ್ಟ ಕೂದಲಿನ ನಾಯಿಗಳಲ್ಲಿ ನೀರು ಮೇಲಿಂದಲೇ ಜಾರಿಹೋಗುತ್ತದೆ. ಕೂದಲನ್ನು ಬೆರಳಿಂದ ಬಿಡಿಸಿ ನೋಡಿ, ಬುಡದ ಚರ್ಮ ಒದ್ದೆಯಾಗಿರಬೇಕು. ಜಿಡ್ಡು ಹೆಚ್ಚಿದ್ದರೆ ಸಾದಾ ನಾಯಿ ಶಾಂಪೂವಿನಲ್ಲಿ ಒಮ್ಮೆ ತೊಳೆಯಿರಿ. ಔಷಧ ಶಾಂಪೂವನ್ನು ಪಾದ, ಕಂಕುಳು, ತೊಡೆಸಂದಿಯಿಂದ ಶುರುಮಾಡಿ. ತೊಂದರೆ ಹೆಚ್ಚಿರುವ ಜಾಗಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಕೊನೆಯ ಜಾಗಕ್ಕೂ ನೊರೆ ಮುಟ್ಟಿದ ಮೇಲೆ ಫೋನಿನಲ್ಲಿ ಹತ್ತು ನಿಮಿಷದ ಟೈಮರ್ ಹಾಕಿ. ಅಷ್ಟು ಹೊತ್ತೂ ನೆಕ್ಕಲು ಬಿಡಬೇಡಿ. ಕಣ್ಣಿಗೆ, ಕಿವಿಯೊಳಗೆ ಹೋಗಬಾರದು. ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಪಾಪೆಗೆ ಗಾಯ ಮಾಡುತ್ತದೆ. ತೊಳೆಯುವಾಗ ಜಾರಿಕೆ ಪೂರ್ತಿ ಹೋಗಲಿ. ಉಳಿದ ನೊರೆಯೇ ಹೊಸ ಕೆರೆತ ತರುತ್ತದೆ. ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬೆರಳ ಸಂದಿ ಒಣಗುವವರೆಗೆ ಫ್ಯಾನ್ ಕೆಳಗಿರಲಿ.

ಮೊದಲ ಮೂರು–ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು. ವೈದ್ಯರು ಆಂಟಿಬಯಾಟಿಕ್ ಕೊಟ್ಟರೆ, ಐದನೇ ದಿನ ಮೈ ಚೆನ್ನಾಗಿ ಕಂಡಿತೆಂದು ನಿಲ್ಲಿಸಬೇಡಿ. ಕಿವಿಗೆ ವೈದ್ಯರು ಹೇಳಿದ ದ್ರಾವಣ ಬಿಟ್ಟು, ಬುಡ ಹಿಸುಕಿ, ನಾಯಿ ತಲೆ ಕೊಡವಿದ ಮೇಲೆ ಹತ್ತಿಯಿಂದ ಹೊರಗಷ್ಟೇ ಒರೆಸಿ. ಇಯರ್ ಬಡ್ ಬೇಡವೇ ಬೇಡ.

ಹಂತ 3: ಪಥ್ಯ

ಚಿಗಟವಿಲ್ಲ, ಸೋಂಕು ಹೋಗಿದೆ, ಆದರೂ ವರ್ಷವಿಡೀ ಕೆರೆತ. ಈಗ ಆಹಾರದ ಸರದಿ. ರಕ್ತ ಪರೀಕ್ಷೆ, ಕೂದಲು ಪರೀಕ್ಷೆ ಎಂದು ಸಾವಿರಾರು ರೂಪಾಯಿ ಸುರಿಯಬೇಡಿ. ಆಹಾರ ಅಲರ್ಜಿಯನ್ನು ಅವು ನಂಬುವಂತೆ ತೋರಿಸುವುದಿಲ್ಲ. ಎಂಟು ವಾರದ ಪಥ್ಯವೇ ಪರೀಕ್ಷೆ.

ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ, ಒಂದು ಪಿಷ್ಟ, ಅಷ್ಟೇ. ನಮ್ಮ ಕಡೆಯ ನಾಯಿಗಳು ಕೋಳಿ, ಮೊಟ್ಟೆ, ಹಾಲು, ಮೊಸರು, ಅನ್ನ ಎಲ್ಲ ತಿಂದಿರುತ್ತವೆ. ಹಾಗಾಗಿ ಹಂದಿಮಾಂಸ ಅಥವಾ ಮೊಲದ ಮಾಂಸ, ಜೊತೆಗೆ ಬೇಯಿಸಿದ ಗೆಣಸು. ಮಾಂಸ ಬೇಯಿಸದ ಮನೆಯವರು ವೈದ್ಯರ ಮೂಲಕ ಹೈಡ್ರೊಲೈಸ್ಡ್ (ಅಲರ್ಜಿ ಎಬ್ಬಿಸದಷ್ಟು ಸಣ್ಣದಾಗಿ ಪ್ರೋಟೀನ್ ಒಡೆದ) ಆಹಾರ ತರಿಸಿ. ದುಬಾರಿ, ಆದರೆ ನನ್ನ ಮತ ಅದಕ್ಕೇ. ಮರಿಗಳಿಗಂತೂ ಅದೇ ಸರಿ, ಬೆಳೆಯುವ ಮೈಗೆ ಮಾಂಸ–ಗೆಣಸು ಸಾಲದು. ಅಂಗಡಿಯ ‘ಲ್ಯಾಂಬ್’ ಚೀಲ ನಂಬಬೇಡಿ. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎಷ್ಟೋ ಸಲ ಕೋಳಿಯೂ ಸಿಗುತ್ತದೆ. ‘ಧಾನ್ಯರಹಿತ’ ಎಂಬ ಮುದ್ರೆಗೂ ಅಲರ್ಜಿಗೂ ಹೆಚ್ಚಿನ ಸಂಬಂಧವಿಲ್ಲ.

ಪಥ್ಯ ಕೆಡುವುದು ತಟ್ಟೆಯಲ್ಲಲ್ಲ, ತಟ್ಟೆಯ ಆಚೆ. ಅಜ್ಜಿ ಪ್ರೀತಿಯಿಂದ ಹಾಕುವ ಮೊಸರನ್ನದ ಕೊನೆ ತುತ್ತು, ಚಹಾದ ಹೊತ್ತಿಗೆ ಒಂದು ಬಿಸ್ಕತ್ತು, ಮಗುವಿನ ಕುರ್ಚಿಯ ಕೆಳಗೆ ಬಿದ್ದ ಚೂರು, ಬೀದಿಯ ಮೂಳೆ, ಬೆಕ್ಕಿನ ಬಟ್ಟಲು. ಮಾಂಸದ ರುಚಿ ಬೆರೆಸಿದ ಜಂತುಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಚಿಗಟದ 12 ವಾರದ ಮಾತ್ರೆಯನ್ನು ಪಥ್ಯದ ಹಿಂದಿನ ದಿನ ಬರುವಂತೆ ಹೊಂದಿಸಿ. ನಡುವೆ ಮತ್ತೊಂದು ಬೇಕಾಗುವುದಿಲ್ಲ. ಬೇರೆ ಮಾತ್ರೆಗಳನ್ನು ಗೆಣಸಿನ ಉಂಡೆಯಲ್ಲಿಟ್ಟು ಕೊಡಿ. ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿ, ದಿನವೂ ಕೆರೆತಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಿರಿ. ತಪ್ಪಿ ತಿಂದಿದ್ದನ್ನೂ ಬರೆಯಿರಿ, ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಎಂಟು ವಾರಕ್ಕೆ ಅಂಕ ಇಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಯಾರೂ ಮಾಡುವುದಿಲ್ಲ: ಹಳೆಯ ಆಹಾರ ಮತ್ತೆ ಕೊಟ್ಟು ಹದಿನಾಲ್ಕು ದಿನ ನೋಡುವುದು. ಕೆರೆತ ಮರಳಿತೇ? ತಕ್ಷಣ ಪಥ್ಯಕ್ಕೆ ವಾಪಸ್. ಮೈ ಶಾಂತವಾದ ಮೇಲೆ ಒಂದೊಂದೇ ಪದಾರ್ಥ, ಒಂದಕ್ಕೆ ಎರಡು ವಾರ: ಮೊದಲು ಕೋಳಿ, ಆಮೇಲೆ ಮೊಸರು, ಆಮೇಲೆ ಗೋಧಿ.

ಪಥ್ಯದಿಂದ ಏನೂ ಬದಲಾಗದಿದ್ದರೆ ಧೂಳಿನ ನುಸಿ, ಪರಾಗದಂಥ ಗಾಳಿಯ ಅಲರ್ಜಿ ಎಂದುಕೊಂಡು ವೈದ್ಯರೊಂದಿಗೆ ದೀರ್ಘಕಾಲದ ಮದ್ದಿನ ಮಾತಾಡಿ. ಕೆರೆತ ತಗ್ಗಿಸುವ ಒಕ್ಲಾಸಿಟಿನಿಬ್ ಮಾತ್ರೆ ಒಂದು ವರ್ಷ ತುಂಬದ ನಾಯಿಗೆ ಸಲ್ಲದು. ದಿನಗಟ್ಟಲೆ ಕೊಟ್ಟ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸದೆ, ವೈದ್ಯರು ಹೇಳಿದಂತೆ ಇಳಿಸುತ್ತ ಬನ್ನಿ. ಅಡ್ಡಾಡಿ ಬಂದಾಗಲೆಲ್ಲ ಒದ್ದೆ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ, ಒಣಗಿಸಿ. ವಾರದ ಸ್ನಾನ ಮಾತ್ರ ಬಿಡಬೇಡಿ.