ಎಕ್ಸ್‌ರೇ ಕೋಣೆಗೆ ಕಾವಲು ಯಾರು? ಪರಿಶೀಲಿಸುವುದು, ದೂರು ಕೊಡುವುದು ಹೇಗೆ?

ದಾವಣಗೆರೆಯ ಪಿ.ಜೆ. ಬಡಾವಣೆ ಸುತ್ತಮುತ್ತ ಓಡಾಡಿದರೆ ಸ್ಕ್ಯಾನಿಂಗ್ ಸೆಂಟರ್ ಬೋರ್ಡ್‌ಗಳು ಒಂದರ ಪಕ್ಕ ಒಂದು ಕಾಣುತ್ತವೆ. ಜಗಳೂರು, ಹೊನ್ನಾಳಿ, ಹೊಳಲ್ಕೆರೆ, ಹರಪನಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೇ ಬಂದವರು ಡಾಕ್ಟರ್ ಚೀಟಿ ಹಿಡಿದು ಕಾಯುತ್ತಿರುತ್ತಾರೆ. ಒಳಗಿನ ಮಿಷನ್ ಸರಿಯಿದೆಯೇ, ಕಿರಣ ಹೊರಗೆ ಬರದಂತೆ ಕೋಣೆ ಕಟ್ಟಿದ್ದಾರೆಯೇ ಅಂತ ನೋಡುವವರು ಯಾರು? ಅದು ಗೊತ್ತಿದ್ದರೆ, ತಪ್ಪು ಕಂಡಾಗ ಯಾರ ಬಾಗಿಲು ತಟ್ಟಬೇಕು ಅನ್ನುವುದೂ ಗೊತ್ತಾಗುತ್ತದೆ.

ಯಾವುದರಲ್ಲಿ ವಿಕಿರಣ ಇದೆ?

ಮೊದಲು ಇದನ್ನು ತಿಳಿದುಕೊಳ್ಳಿ. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಇರುವುದು ಶಬ್ದದ ಅಲೆ. ಎಂಆರ್‌ಐ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೊ ಅಲೆಯಿಂದ. ಇವೆರಡಕ್ಕೂ ಎಕ್ಸ್ ಕಿರಣದ ಭಯ ಬೇಡ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಹೃದಯದ ಆಂಜಿಯೊಗ್ರಾಂ ಮಾಡುವ ಕ್ಯಾತ್‌ಲ್ಯಾಬ್, ಹಲ್ಲಿನ ಎಕ್ಸ್‌ರೇ, ಇಂಥವುಗಳಲ್ಲಿ ಎಚ್ಚರ ಬೇಕು.

ಎಚ್ಚರ ಬೇಕು ಅಂದರೆ ಹೆದರಿ ಎದ್ದು ಬರುವುದಲ್ಲ. ನೆಲ, ಗಾಳಿ, ಆಕಾಶದಿಂದ ಸಹಜವಾಗಿಯೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ತಗಲುತ್ತದೆ. ಒಂದು ಎದೆ ಎಕ್ಸ್‌ರೇಯದ್ದು ಸಾಮಾನ್ಯವಾಗಿ 0.1 ದಾಟುವುದಿಲ್ಲ. ಹೊಟ್ಟೆಯ ಸಿ.ಟಿ. ಮಾತ್ರ 10ರ ಹತ್ತಿರ ಹೋಗಬಹುದು. ಅದಕ್ಕೇ ಹಳೆಯ ಫಿಲ್ಮು, ಸಿ.ಡಿ. ಬಿಸಾಡಬೇಡಿ. ಹೊಸ ಡಾಕ್ಟರ್ ಬಳಿ ಹೋಗುವಾಗ ಜೊತೆಗೆ ಒಯ್ದರೆ, ಅದೇ ಸ್ಕ್ಯಾನ್ ಮತ್ತೆ ಮಾಡಿಸುವುದು ಎಷ್ಟೋ ಸಲ ತಪ್ಪುತ್ತದೆ.

ಎರಡು ಕಾಗದ, ಎರಡು ಸರ್ಕಾರ

ಸಂವಿಧಾನದಲ್ಲಿ ಪರಮಾಣು ಶಕ್ತಿ ಕೇಂದ್ರದ ಪಟ್ಟಿಯಲ್ಲಿದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ. ಹಾಗಾಗಿ ಒಂದು ಎಕ್ಸ್‌ರೇ ಸೆಂಟರ್‌ಗೆ ಎರಡು ಕಡೆಯ ಕಾಗದ ಬೇಕು.

ಮಿಷನ್‌ಗೆ ಅನುಮತಿ ಕೊಡುವುದು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಶುರುವಾದದ್ದು 1983ರಲ್ಲಿ. ಸಾಮಾನ್ಯ ಎಕ್ಸ್‌ರೇಗೆ ನೋಂದಣಿ ಸಾಕು. ಸಿ.ಟಿ., ಕ್ಯಾತ್‌ಲ್ಯಾಬ್‌ಗೆ ಲೈಸೆನ್ಸೇ ಬೇಕು. ಅರ್ಜಿ ಎಲ್ಲ ‘ಇಲೋರಾ’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ದಕ್ಷಿಣ ರಾಜ್ಯಗಳಿಗಾಗಿ ಮಂಡಳಿಯ ಪ್ರಾದೇಶಿಕ ಕೇಂದ್ರ ಚೆನ್ನೈನಲ್ಲಿದೆ.

ಇನ್ನು ಖಾಸಗಿ ಆಸ್ಪತ್ರೆ, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್ ನಡೆಸಲು ರಾಜ್ಯ ಸರ್ಕಾರದ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಕಡ್ಡಾಯ. 2007ರ ಕಾಯ್ದೆ ಇದು. ಜಿಲ್ಲೆಯಲ್ಲಿ ಇದರ ಪ್ರಾಧಿಕಾರಕ್ಕೆ ಡಿ.ಸಿ. ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ದೂರು ಕೇಳುವುದೂ ಈ ಪ್ರಾಧಿಕಾರದ ಕೆಲಸ. ನಮಗೆ ಕೈಗೆಟಕುವ ಬಾಗಿಲು ಇದೇ.

ಕೇರಳದಲ್ಲಿ ವಿಕಿರಣ ಸುರಕ್ಷತೆಗೇ ರಾಜ್ಯ ಸರ್ಕಾರದ ಪ್ರತ್ಯೇಕ ನಿರ್ದೇಶನಾಲಯ ಇದೆ. ಎಇಆರ್‌ಬಿ ಜೊತೆ ಸೇರಿ ಎಕ್ಸ್‌ರೇ ಘಟಕಗಳ ತಪಾಸಣೆ ಮಾಡುತ್ತದೆ. ತಪಾಸಣೆ ಮಾಡುವವರು ಹೀಗೆ ಹತ್ತಿರದಲ್ಲಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ತಾಲ್ಲೂಕು ಊರಿನ ಒಂದು ಚಿಕ್ಕ ಎಕ್ಸ್‌ರೇ ಕೋಣೆ ಚೆನ್ನೈಗೆ ಬಹಳ ದೂರ.

ಬೆಂಚಿನ ಮೇಲೆ ಕೂತಾಗ ನೋಡಿ

ನಿಮ್ಮ ಸರದಿ ಬರುವ ತನಕ ಸುಮ್ನೆ ಕೂರಬೇಡಿ. ಬಾಗಿಲ ಮೇಲೆ ಕೆಂಪು ದೀಪ ಇದೆಯೇ? ಎಕ್ಸ್‌ರೇ ತೆಗೆಯುವಾಗ ಅದು ಹತ್ತಿಕೊಳ್ಳಬೇಕು. ಮೂರು ಎಸಳಿನ ವಿಕಿರಣ ಗುರುತು ಇರಬೇಕು. ‘ಗರ್ಭಿಣಿಯರು ಮೊದಲೇ ತಿಳಿಸಿ’ ಎಂಬ ಸೂಚನೆ ಕನ್ನಡದಲ್ಲಿ ಇರಬೇಕು. ಮುಖ್ಯವಾಗಿ, ಕಿರಣ ಬಿಡುವಾಗ ಬಾಗಿಲು ಮುಚ್ಚಿರಬೇಕು. ಸೆಕೆ ಅಂತ ಬಾಗಿಲು ತೆರೆದಿಟ್ಟು ಎಕ್ಸ್‌ರೇ ತೆಗೆದರೆ ಒಳಗೆ ಹೊದಿಸಿದ ಸೀಸದ ತಗಡು ಯಾವ ಪ್ರಯೋಜನಕ್ಕೂ ಬಾರದು.

ಒಳಗೆ ಹೋದ ಮೇಲೆ ಟೆಕ್ನಿಷಿಯನ್ ಎದೆ ಕಡೆ ನೋಡಿ. ಅಂಗಿಗೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಬ್ಯಾಡ್ಜ್ ಸಿಕ್ಕಿಸಿಕೊಂಡಿರಬೇಕು. ಅದಕ್ಕೆ ಟಿಎಲ್‌ಡಿ ಬ್ಯಾಡ್ಜ್ ಅನ್ನುತ್ತಾರೆ. ಅವರ ಮೈಗೆ ಎಷ್ಟು ವಿಕಿರಣ ತಗಲಿತು ಅನ್ನುವುದನ್ನು ಒಳಗಿನ ಬಿಲ್ಲೆಗಳು ಹಿಡಿದಿಡುತ್ತವೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಕಳಿಸಿ ಓದಿಸುತ್ತಾರೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಬ್ಯಾಡ್ಜ್ ಗೋಡೆಯ ಮೊಳೆಗೆ ನೇತಾಡುತ್ತಿದ್ದರೆ ಅದು ಗೋಡೆಯ ಲೆಕ್ಕ ಹೇಳುತ್ತದೆ, ಆ ಹುಡುಗ ಅಥವಾ ಹುಡುಗಿಯ ಲೆಕ್ಕವನ್ನಲ್ಲ. ದಿನವೂ ಅದೇ ಕೋಣೆಯಲ್ಲಿ ದುಡಿಯುವವರು ಅವರು. ಅವರ ಆರೋಗ್ಯವೂ ನಮ್ಮ ಕಾಳಜಿ ಅಲ್ವಾ?

ಮಗುವನ್ನು ಹಿಡಿದುಕೊಳ್ಳಿ ಅಂತ ಹೇಳಿದರೆ ಮೊದಲು ಸೀಸದ ಏಪ್ರನ್ ಕೇಳಿ. ಮನೆಯಲ್ಲಿ ಗರ್ಭಿಣಿಯಿದ್ದರೆ ಅವರು ಹಿಡಿಯುವುದು ಬೇಡ. ಜೊತೆಗೆ ಬಂದವರೆಲ್ಲ ಹೊರಗಿರಲಿ.

ದೂರು ಕೊಡುವುದು

ಮೊದಲು ಕೌಂಟರ್‌ನಲ್ಲೇ ವಿನಯದಿಂದ ಕೇಳಿ: ‘ಎಇಆರ್‌ಬಿ ಸರ್ಟಿಫಿಕೇಟ್ ನೋಡಬಹುದಾ? ಮಿಷನ್‌ನ ಗುಣಮಟ್ಟದ ಪರೀಕ್ಷೆ ಯಾವಾಗ ಆಗಿದೆ?’ ಈ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಆಗಲೇಬೇಕು. ಕೆಪಿಎಂಇ ಸರ್ಟಿಫಿಕೇಟ್ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಅದಕ್ಕೆ ಕೇಳುವ ಪ್ರಶ್ನೆಯೇ ಇಲ್ಲ.

ಉತ್ತರ ಸಿಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಸೆಂಟರ್ ಹೆಸರು, ವಿಳಾಸ, ದಿನ, ಸಮಯ, ಕಣ್ಣಾರೆ ಕಂಡದ್ದು, ಇಷ್ಟೇ ಸಾಕು. ‘ವಿಕಿರಣ ಸೋರುತ್ತಿದೆ’ ಅಂತ ಬರೆಯಬೇಡಿ. ಅದು ಅಳೆದ ಮೇಲೆ ಹೇಳುವ ಮಾತು. ‘ಬಾಗಿಲು ತೆರೆದಿಟ್ಟು ಎಕ್ಸ್‌ರೇ ತೆಗೆದರು’ ಅಂತ ಬರೆದರೆ ತಪಾಸಣೆಗೆ ಬರುವವರಿಗೆ ಏನು ನೋಡಬೇಕು ಅನ್ನುವುದು ಗೊತ್ತಾಗುತ್ತದೆ. ಒಂದು ಪ್ರತಿ ಡಿ.ಸಿ. ಕಚೇರಿಗೆ, ಇನ್ನೊಂದು ಎಇಆರ್‌ಬಿಗೆ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.

ಬೋರ್ ನೀರಿನ ಯುರೇನಿಯಂ

ಚಿತ್ರದುರ್ಗ ಕಡೆಯವರಿಗೆ ಇನ್ನೊಂದು ಮಾತು. ನಮ್ಮ ಗ್ರಾನೈಟ್ ಬಂಡೆಯಲ್ಲಿ ಸಹಜವಾಗಿಯೇ ಸ್ವಲ್ಪ ಯುರೇನಿಯಂ ಇರುತ್ತದೆ. ಆಳದಲ್ಲಿ ಬಹಳ ಕಾಲ ನಿಂತ ನೀರಿಗೆ ಅದು ಕರಗಿ ಸೇರಬಹುದು. ರಾಜ್ಯದ ಪೂರ್ವ ಭಾಗದ ಕೊಳವೆಬಾವಿಗಳಲ್ಲಿ ಮಿತಿ ಮೀರಿದ ಯುರೇನಿಯಂ ಸಿಕ್ಕಿದ್ದುಂಟು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇಲ್ಲಿ ಕಿರಣಕ್ಕಿಂತ ಜಾಸ್ತಿ ಚಿಂತೆ ಕಿಡ್ನಿಯದ್ದು. ಕುದಿಸಿದರೆ ಇದು ಹೋಗುವುದಿಲ್ಲ. ಆರ್‌ಒ ಘಟಕ ಸರಿಯಾಗಿ ನಡೆಯುತ್ತಿದ್ದರೆ ಬಹುಪಾಲು ಕಡಿಮೆಯಾಗುತ್ತದೆ.

ಪಂಚಾಯಿತಿಯ ಕಿಟ್‌ನಲ್ಲಿ ಫ್ಲೋರೈಡ್ ನೋಡಬಹುದು, ಯುರೇನಿಯಂ ನೋಡಲಾಗದು. ಅದಕ್ಕೆ ದೊಡ್ಡ ಲ್ಯಾಬ್ ಬೇಕು. ಪಿಡಿಒಗೆ ಕೊಡುವ ಅರ್ಜಿಯಲ್ಲಿ ‘ನೀರು ಪರೀಕ್ಷೆ ಮಾಡಿಸಿ’ ಅಂತಷ್ಟೇ ಬರೆಯದೆ ‘ಯುರೇನಿಯಂ ಪರೀಕ್ಷೆಯೂ ಆಗಬೇಕು’ ಅಂತ ಬಿಡಿಸಿ ಬರೆಯಿರಿ. ಯಾವ ಬೋರ್, ಎಷ್ಟು ಅಡಿ ಆಳ ಅನ್ನುವುದನ್ನೂ ಸೇರಿಸಿ. ಒಂದು ಪ್ರತಿ ಜಿಲ್ಲಾ ಪಂಚಾಯಿತಿಯ ಗ್ರಾಮೀಣ ಕುಡಿಯುವ ನೀರು ವಿಭಾಗಕ್ಕೆ ಹೋಗಲಿ. ವರದಿ ಬಂದ ಮೇಲೆ ಗ್ರಾಮಸಭೆಯಲ್ಲಿ ಓದಿ ಹೇಳುವಂತೆ ಕೇಳಿ.