ಕೆಮ್ಮಿಗೂ ಒಂದು ಕ್ಯಾಲೆಂಡರ್ ಬೇಕು

"ಜ್ವರ ಬಿಟ್ಟು ವಾರ ಆಯ್ತು ಮಾರಾಯ್ರೆ, ಈ ಕೆಮ್ಮು ಮಾತ್ರ ಬಿಡುದಿಲ್ಲ." ಮುಂಬಯಿಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದ ಹಿರಿಯರು ಚಿಲ್ಲರೆ ಎಣಿಸುತ್ತ ಹೇಳಿ, ಮೊಣಕೈಗೆ ಬಾಯೊತ್ತಿ ಮತ್ತೆ ಕೆಮ್ಮಿದರು. ಅಂಗಿ ಕಿಸೆಯಲ್ಲಿ ಎರಡನೇ ಸಲದ ಆ್ಯಂಟಿಬಯೋಟಿಕ್. ಚೀಟಿ ಇಲ್ಲದೆ ಕೊಂಡದ್ದು.

ಅವರಿಗೆ ಆಗಿದ್ದು ಬಹುಶಃ ವೈರಲ್ ಬ್ರಾಂಕೈಟಿಸ್, ಅಂದರೆ ಶ್ವಾಸನಾಳದ ಉರಿಯೂತ. ಮನೆಯಲ್ಲಿ ಯಾರಿಗಾದರೂ ಇದು ಬಂದರೆ ಮೊದಲು ತಾರೀಕು ಗುರುತು ಮಾಡಿ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಕೆಮ್ಮು ಶುರುವಾದ ದಿನಕ್ಕೊಂದು ಸುತ್ತು ಹಾಕಿದರೆ ಸಾಕು. ಜ್ವರ, ಮೈಕೈ ನೋವು ಸಾಮಾನ್ಯವಾಗಿ ಮೂರ್ನಾಲ್ಕು ದಿನಕ್ಕೆ ಇಳಿಯುತ್ತವೆ. ಕೆಮ್ಮು ಸರಾಸರಿ 18 ದಿನ ಎಳೆಯುತ್ತದೆ. ನಾವು ಹಿಡಿಯುವ ಲೆಕ್ಕ ಒಂದೇ ವಾರ. ಬೇಡದ ಮಾತ್ರೆ ಹೊಟ್ಟೆಗಿಳಿಯುವುದು ಅಲ್ಲಿಂದಲೇ.

ಯಾಕಿಷ್ಟು ದಿನ? ವೈರಸ್ ಶ್ವಾಸನಾಳದ ಒಳಪೊರೆಯನ್ನು ಊದಿಸುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಕೂದಲಿನಂಥ ಎಳೆಗಳು ಹಾಳಾಗುತ್ತವೆ. ವೈರಸ್ ಹೋದ ಮೇಲೂ ಅವು ಸರಿಯಾಗಬೇಕು. ಅಲ್ಲಿಯವರೆಗೆ ಕಸ ಗುಡಿಸುವ ಕೆಲಸ ಕೆಮ್ಮಿನದೇ. ಕಫ ಹಸಿರಾದರೆ ಸ್ಟ್ರಾಂಗ್ ಗುಳಿಗೆ ಬೇಕೆಂದೇನೂ ಇಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು. ಆ್ಯಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ. ನಾಯಿಕೆಮ್ಮು, ನ್ಯುಮೋನಿಯಾದ ಅನುಮಾನ ಇದ್ದರೆ ಮಾತು ಬೇರೆ. ಅದನ್ನು ಡಾಕ್ಟರು ಹೇಳಲಿ.

ಎರಡನೆಯದು ಹೊಗೆ. ಒಂದೇ ಖೋಲಿಯ ಮನೆಯಲ್ಲಿ ಒಗ್ಗರಣೆ ಮೆಣಸಿನ ಘಾಟು ಹಾಸಿಗೆಯ ತನಕ ಬರುತ್ತದೆ. ಒಗ್ಗರಣೆ ಹೊತ್ತಿಗೆ ರೋಗಿಯನ್ನು ಗ್ಯಾಲರಿಯಲ್ಲಿ ಕೂರಿಸಿ. ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿ, ಊದುಬತ್ತಿ ದೇವರಿಗೂ ಸ್ವಲ್ಪ ದಿನ ಬೇಡ. ಬೀಡಿ, ಸಿಗರೇಟಿನ ಮಾತು ಹೇಳಬೇಕಾಗಿಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆಯೋ ಎಂದು ಹಿಂಬದಿ ಓದಿ, ಎರಡೂ ಸೇರಿದರೆ ಲಿವರ್‌ಗೆ ಭಾರ. ಬಿಸಿನೀರು, ಗಂಜಿ, ಕೊತ್ತಂಬರಿ-ಜೀರಿಗೆ ಕಷಾಯ ಗಂಟಲಿಗೆ ಹಿತ. ರಾತ್ರಿ ಮಲಗುವ ಮುಂಚೆ ಒಂದು ಚಮಚ ಜೇನು ಕೆಮ್ಮಿನ ಕಾಟ ತಗ್ಗಿಸುತ್ತದೆ; ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೂ ಬೇಡಿ. 4 ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ಪೂ ಬೇಡ. ಹಬೆಯಿಂದ ಸ್ವಲ್ಪ ಹಿತ ಅನಿಸಬಹುದು, ರೋಗ ಬೇಗ ಹೋಗದು. ಕುದಿವ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಭಯವೇ ನನಗೆ ಹೆಚ್ಚು.

ಇನ್ನು ಉಸಿರು ಎಣಿಸುವುದು. ರೋಗಿ ಸುಮ್ಮನೆ ಕೂತಿರುವಾಗ, ಅವರಿಗೆ ಹೇಳದೆ, ಪೂರ್ತಿ ಒಂದು ನಿಮಿಷ ಎದೆ ಏರುವುದನ್ನು ಎಣಿಸಿ. ಹೇಳಿದರೆ ಉಸಿರಾಟದ ಲಯವೇ ಬದಲಾಗುತ್ತದೆ. ದೊಡ್ಡವರಲ್ಲಿ 24 ದಾಟಿದರೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇ. 94ಕ್ಕಿಂತ ಕೆಳಗೆ ತೋರಿಸಿದರೆ, ಕಫದಲ್ಲಿ ರಕ್ತ ಕಂಡರೆ, ಎದೆನೋವು ಬಂದರೆ, ವಯಸ್ಸಾದವರು ತಬ್ಬಿಬ್ಬಾಗಿ ಮಾತಾಡಿದರೆ ಅಂದೇ ಆಸ್ಪತ್ರೆ. ಅಸ್ತಮಾ, ಹೃದ್ರೋಗ ಇರುವವರು, ಗರ್ಭಿಣಿಯರು ಶುರುವಿನಲ್ಲೇ ಡಾಕ್ಟರಿಗೆ ತೋರಿಸಲಿ.

ಸುತ್ತು ಹಾಕಿದ ತಾರೀಕಿಗೆ ಎರಡು ವಾರ ತುಂಬಿತೇ? ಬ್ರಾಂಕೈಟಿಸ್ಸೇ ಇದ್ದೀತು, ಆದರೂ ಮುಂಬಯಿಯಂಥ ಊರಲ್ಲಿ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ, ಪಾಲಿಕೆ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನೇ ಡಬ್ಬಿಗೆ ಹಾಕಿ. ಬರೀ ಉಗುಳು ಕೊಟ್ಟರೆ ಇನ್ನೊಮ್ಮೆ ಓಡಾಡಬೇಕಾದೀತು.